ನಿಂಬೆಗಿಡದ ಬುಡ ಅಗೆಸಿದ ಅಧ್ಯಕ್ಷರಿಗೆ

ಮಧುರವಾಡದ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಮಾನ್ಯ ಅಧ್ಯಕ್ಷರೇ,

ನಿಮ್ಮ ಮನೆಯವರು ಶಾರದಮ್ಮನವರ ಮಂಡಿನೋವು ಈಗ ಹೇಗಿದೆ? ನಿಮ್ಮ ತಾಯಿ ಇಂದಿರಮ್ಮನವರ ಕಣ್ಣಿನ ಪಟ್ಟಿ ಬಿಚ್ಚಿದರೇ? ಮಗ ಶ್ರೇಯಸ್‌ನ ಕೆಮ್ಮು ವಾಸಿಯಾಯಿತೆ? ನಲವತ್ತು ವರ್ಷ ನಂಟರಿಷ್ಟರಿಗೆ ಕಾಗದ ಬರೆದ ಕೈ ಇದು, ಕ್ಷೇಮ ವಿಚಾರಿಸದೆ ಮುಂದಕ್ಕೆ ಓಡುವುದಿಲ್ಲ. ಅವರೆಲ್ಲ ನೂರು ವರ್ಷ ಚೆನ್ನಾಗಿರಲಿ. ನಿಮ್ಮ ಆರೋಗ್ಯವನ್ನು ಮಾತ್ರ ನಾನು ಕೇಳುತ್ತಿಲ್ಲ. ನನ್ನನ್ನು ನೀರುಗಳ್ಳನೆಂದು ಸಂಘದ ಫಲಕಕ್ಕೆ ಅಂಟಿಸಿ ಇವತ್ತಿಗೆ ಹದಿನಾರು ದಿನವಾಯಿತು. ಹದಿನಾರು ದಿನವೂ ಆ ಫಲಕದ ಮುಂದೆ ವಾಕಿಂಗ್ ಮಾಡಿಕೊಂಡು ಹೋದವರ ಆರೋಗ್ಯಕ್ಕೆ ಏನಾಗಿದ್ದೀತು?

ಹಿತ್ತಿಲು ಅಗೆದ ಕೂಲಿಯವರ ಮುಂದೆ, ನಾನು ಕದ್ದಿಲ್ಲವೆಂದು ತೆಲುಗಿನಲ್ಲಿ ಹೇಳಿದೆ, ನೀವು ಕೇಳಲಿಲ್ಲ. ಮಗ ಜಗದೀಶನಿಂದ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿ ಕೊಟ್ಟೆ. "ಪರಿಶೀಲಿಸುತ್ತೇವೆ" ಎಂದು ಮಡಿಚಿ ಜೇಬಿಗಿಟ್ಟಿರಿ. ಇನ್ನು ಉಳಿದದ್ದು ನಿಮ್ಮ ತಾಯಿ ನಿಮ್ಮನ್ನು ಬೈದು ಬೆಳೆಸಿದ ಭಾಷೆ. ಅದಕ್ಕೇ ಈ ತೆಲುಗು ಊರಿನ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಚಳ್ಳಕೆರೆಯಲ್ಲಿದ್ದ ಅವ್ವನಿಗೆ ಕಾಗದ ಬರೆಯಬೇಕೆಂಬ ಹಟಕ್ಕೆ ಹಡಗಿನಲ್ಲಿ ಕೂತು ಅಕ್ಷರ ತಿದ್ದಿದೆ. ತಪ್ಪಿದ್ದರೆ ನೀವು ಕೆಂಪು ಶಾಯಿಯಲ್ಲಿ ಗುರುತು ಮಾಡಿ ಕಳಿಸಬಹುದು. ತಪ್ಪು ಹುಡುಕುವುದು ನಿಮಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಈ ವರ್ಷ ಮಳೆ ಕೈಕೊಟ್ಟಿತು, ನಲ್ಲಿಯಲ್ಲಿ ದಿನ ಬಿಟ್ಟು ದಿನ ಒಂದೇ ತಾಸು ನೀರು. ಗಿಡಗಳಿಗೆ ನಲ್ಲಿ ನೀರು ಹಾಕಕೂಡದೆಂದು ನೀವು ನಿಯಮ ಮಾಡಿದಿರಿ. ಸಭೆಯಲ್ಲಿ ಅದಕ್ಕೆ ಮೊದಲು ಕೈ ಎತ್ತಿದವನು ನಾನು, ನೆನಪಿದೆಯೆ? ಆಮೇಲೆ ಎಲ್ಲರ ಅಂಗಳದ ಗಿಡವೂ ಒಣಗಿತು, ನನ್ನ ಹಿತ್ತಿಲು ಹಸಿರಾಗಿಯೇ ಉಳಿಯಿತು. ನೀವು ನನ್ನ ಮೀಟರ್ ನೋಡಿಸಿದಿರಿ. ಇಡೀ ಬಡಾವಣೆಯಲ್ಲಿ ನಮ್ಮ ಮನೆಯ ರೀಡಿಂಗೇ ಎಲ್ಲಕ್ಕಿಂತ ಕಡಿಮೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತ ನಿಮ್ಮ ತಲೆ ತಕ್ಷಣ ತೀರ್ಪು ಕೊಟ್ಟಿತು: ಗಿಡ ಹಸಿರಿದೆ, ಮೀಟರ್ ತಿರುಗಿಲ್ಲ, ಅಂದರೆ ಮೀಟರ್ ತಪ್ಪಿಸಿ ಎಲ್ಲಿಂದಲೋ ಕಳ್ಳ ಪೈಪು ಎಳೆದಿದ್ದಾನೆ. ಮನುಷ್ಯ ನೀರು ಉಳಿಸಿದರೂ ಮೀಟರ್ ಕಡಿಮೆ ತಿರುಗುತ್ತದೆ ಎಂಬುದು ಆ ತಲೆಗೆ ಹೊಳೆಯಲೇ ಇಲ್ಲವೆ? ಅಥವಾ ಉಳಿಸುವವರನ್ನು ನೀವು ಕಂಡೇ ಇಲ್ಲವೆ?

ನೌಕಾಪಡೆಯ ಹಡಗಿನಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದವನು ಸ್ವಾಮಿ ನಾನು. ಸಿಹಿನೀರು ಬಿಡುವ ಹೊತ್ತನ್ನು ಹಡಗಿನಲ್ಲಿ ಕೂಗಿ ಹೇಳುತ್ತಿದ್ದರು. ಮೈ ನೆನೆಸು, ನಲ್ಲಿ ಮುಚ್ಚು, ಸೋಪು ಹಚ್ಚು, ನಲ್ಲಿ ತೆರೆ. ಇಷ್ಟೇ ಸ್ನಾನ. ಇವತ್ತಿಗೂ ನಮ್ಮ ಮನೆಯಲ್ಲಿ ಅದೇ. ಜಗದೀಶ ಪರವಾಡದ ಫ್ಯಾಕ್ಟರಿಯಿಂದ ಕಂಪನಿ ಬಸ್ಸಿನಲ್ಲಿ ಮೈಯೆಲ್ಲ ಔಷಧಿ ವಾಸನೆ ಹೊತ್ತು ಬಂದರೂ ಒಂದೇ ಬಕೆಟ್ಟು. "ಅಪ್ಪಾ, ಹಡಗಿಂದ ಇಳಿದು ಇಪ್ಪತ್ತು ವರ್ಷ ಆಯ್ತು," ಅಂತ ಗೊಣಗುತ್ತಾನೆ, ಗೊಣಗುತ್ತಲೇ ನಲ್ಲಿ ಮುಚ್ಚುತ್ತಾನೆ. ಆ ಬಚ್ಚಲ ನೀರು ಮರಳು, ಜಲ್ಲಿ ತುಂಬಿದ ಗುಂಡಿಗೆ ಇಳಿದು, ಕಾಬಾಳೆ ಗಿಡಗಳ ಬೇರು ದಾಟಿ ನಿಂಬೆಯ ಕಡೆ ಹೋಗುತ್ತದೆ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರೆಲ್ಲ ನೆಲದಲ್ಲಿ ಕತ್ತಿನ ತನಕ ಹೂತ ಮಣ್ಣಿನ ಮಡಕೆಗಳಿಗೆ. ಮಡಕೆ ಮೆಲ್ಲಗೆ ಬೆವರುತ್ತದೆ, ಬೇರು ಮೆಲ್ಲಗೆ ಕುಡಿಯುತ್ತದೆ. ಬಿಸಿಲು ಕದಿಯದಿರಲಿ ಎಂದು ಬಾಯಿಗೆ ತೆಂಗಿನ ಚಿಪ್ಪು, ಸುತ್ತ ಒಣಗಿದ ಎಲೆಯ ಹೊದಿಕೆ. ಒಂಬತ್ತು ಮಡಕೆ ಇದ್ದವು.

ಇದ್ದವು ಎಂದೆ. ಏಕೆಂದರೆ ಆ ಮಂಗಳವಾರ ನಾನು ಪಡಿತರಕ್ಕೆ ಹೋಗಿದ್ದಾಗ ನೀವು ಮೂವರು ಕೂಲಿಯವರನ್ನು ಕರೆತಂದು ನನ್ನ ಹಿತ್ತಿಲನ್ನು ಅಗೆಸಿದಿರಿ. ನಾನು ಬರುವ ಹೊತ್ತಿಗೆ ಒಂಬತ್ತೂ ಚೂರಾಗಿದ್ದವು, ನಿಂಬೆಯ ಒಂದು ಮಗ್ಗುಲಿನ ಬೇರು ಕಡಿದು ಬಿದ್ದಿತ್ತು. ಅವರಲ್ಲಿ ದೊಡ್ಡವನು ಗುದ್ದಲಿ ಊರಿ ನಿಂತು, "ಸಾರ್, ಇಕ್ಕಡ ಪೈಪು ಲೇದು" ಎಂದ. ಪೈಪಿಲ್ಲ ಎಂದು ತಿಳಿಯುವಷ್ಟು ತೆಲುಗು ನಿಮಗೂ ಬರುತ್ತದೆ. ನೀವು ಏನೆಂದಿರಿ? "ಇನ್ನೊಂದಡಿ ತೋಡು" ಎಂದಿರಿ. ಇನ್ನೊಂದಡಿ ತೋಡಿದ. ಎರೆಹುಳ ಸಿಕ್ಕಿತು. ಅದನ್ನೂ ಸಾಕ್ಷಿಗೆ ಹಿಡಿದಿದ್ದೀರೋ ಏನೋ ಗೊತ್ತಿಲ್ಲ. ಸಂಜೆಗೆ ಫಲಕದಲ್ಲಿ ನೋಟೀಸು ಬಂತು: "ಮನೆ ಸಂಖ್ಯೆ ಇಪ್ಪತ್ತೇಳು. ಅಕ್ರಮವಾಗಿ ನೀರು ಬಳಸಿದ ಬಗ್ಗೆ ಎಚ್ಚರಿಕೆ." ಪೈಪು ಸಿಗಲಿಲ್ಲ ಎಂದು ಬರೆಯಲು ಜಾಗ ಸಾಲಲಿಲ್ಲವೆ?

ಯಾರೋ ಅದರ ಫೋಟೊ ತೆಗೆದು ಕಳಿಸಿದರು. ಮರುದಿನ ವಿಜಯವಾಡದಿಂದ ಮಗಳು ನಮ್ರತಾ ಫೋನು ಮಾಡಿದಳು. ಅವಳು ಕೇಳಿದ್ದು ಒಂದೇ ಮಾತು: "ಅಪ್ಪಾ, ಗಿಡದ ಆಸೆಗೆ ಏನಾದ್ರೂ ಮಾಡಿಬಿಟ್ಯಾ?" ಅಧ್ಯಕ್ಷರೇ, ಮಡಕೆ ಒಡೆದದ್ದನ್ನು ಸಹಿಸಿದ್ದೆ, ಬೇರು ಕಡಿದದ್ದನ್ನೂ. ಹೆತ್ತ ಮಗಳ ಬಾಯಲ್ಲಿ ಆ ಪ್ರಶ್ನೆ ಬರುವ ಹಾಗೆ ಮಾಡಿದಿರಲ್ಲ, ಅದನ್ನು ಸಹಿಸುವುದಿಲ್ಲ. "ಬಿಟ್ಟುಬಿಡಿ ಅಪ್ಪಾ, ದೊಡ್ಡ ಮನಸ್ಸು ಮಾಡಿ" ಎನ್ನುತ್ತಾನೆ ಜಗದೀಶ. ನನ್ನದು ಸಣ್ಣ ಮನಸ್ಸು. ನೀರಿನ ಹಾಗೆ ಸಿಟ್ಟನ್ನೂ ಪೋಲು ಮಾಡದೆ ಕೂಡಿಟ್ಟುಕೊಂಡಿದ್ದೇನೆ.

ಈಗ ನೀವು ಹುಡುಕಿದ ಕಳ್ಳದಾರಿಯನ್ನು ನಾನೇ ತೋರಿಸುತ್ತೇನೆ. ಅದು ಶುರುವಾಗುವುದು ನಿಮ್ಮ ಅಡುಗೆಮನೆಯಿಂದ. ನಿಮ್ಮ ನೀರು ಶುದ್ಧ ಮಾಡುವ ಯಂತ್ರ ಒಂದು ಬಿಂದಿಗೆ ಕುಡಿಯುವ ನೀರು ಕೊಡಲು ಎರಡು ಬಿಂದಿಗೆಯನ್ನು ಚರಂಡಿಗೆ ಬಿಡುತ್ತದೆ. ಆ ನೀರನ್ನು ಕ್ಯಾನಿಗೆ ಹಿಡಿದು ಶಾರದಮ್ಮನವರು ದಿನಾ ಹಿತ್ತಿಲ ಗೋಡೆಯ ಮೇಲಿಂದ ನನಗೆ ಕೊಡುತ್ತಿದ್ದಾರೆ, ಐದು ತಿಂಗಳಿಂದ. ಅದರಲ್ಲಿ ಉಪ್ಪು ಹೆಚ್ಚು, ಗಿಡಕ್ಕೆ ಆಗದು. ನೆಲ ಒರೆಸುವುದು, ಪಾಯಿಖಾನೆ, ಎಲ್ಲ ಅದರಲ್ಲೇ. ನನ್ನ ಮೀಟರ್ ತಿರುಗದಿದ್ದ ಗುಟ್ಟು ಇದು. ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. ನೋಟೀಸು ಬಂದ ದಿನವೇ ನಿಮಗೆ ಹೇಳಿದರಂತೆ. "ಸಂಘದ ವಿಷಯ, ನಿನಗೆ ಗೊತ್ತಾಗಲ್ಲ" ಎಂದಿರಂತೆ. "ಬರೀರಿ ಹೊನ್ನಪ್ಪಣ್ಣ," ಎಂದರು, "ನಾನು ಹೇಳಿದ್ದು ಅವರ ಕಿವಿಗೆ ಹೋಗಲ್ಲ, ಅಚ್ಚಾದ್ದನ್ನಾದ್ರೂ ಓದ್ತಾರೆ."

ಆದ್ದರಿಂದ ನನ್ನ ಬೇಡಿಕೆ ಕೇಳಿ. ಆ ನೋಟೀಸನ್ನು ನೀವೇ, ನಿಮ್ಮ ಕೈಯಾರೆ, ಭಾನುವಾರ ಬೆಳಗ್ಗೆ ಜನ ಟ್ಯಾಂಕರಿಗೆ ಸಾಲು ನಿಂತಾಗ ಕಿತ್ತು, ಟ್ಯಾಂಕರ್ ಬಂತೆಂದು ಕೂಗುವ ಅದೇ ಮೈಕಿನಲ್ಲಿ "ಹೊನ್ನಪ್ಪ ಕದ್ದಿಲ್ಲ, ನಾನು ತಪ್ಪಿದೆ" ಎಂದು ಹೇಳಬೇಕು. ಆಮೇಲೆ ನನ್ನ ಹಿತ್ತಿಲಿಗೆ ಬಂದು ಒಂಬತ್ತು ಗುಂಡಿ ತೋಡಿ ಒಂಬತ್ತು ಮಡಕೆ ಹೂಳಬೇಕು. ಕೂಲಿಯವರನ್ನು ಕರೆತರಕೂಡದು, ಅವರು ಪೈಪಿಲ್ಲವೆಂದು ಅವತ್ತೇ ಹೇಳಿದವರು. ನಿಂಬೆಯ ಎಲೆ ಮುದುರುತ್ತಿದೆ, ಉಳಿದರೆ ನಿಮ್ಮ ಪುಣ್ಯ. ಉಳಿದರೂ ಅದರ ಉಪ್ಪಿನಕಾಯಿ ಈ ವರ್ಷ ಶಾರದಮ್ಮನವರ ಕೈಗೆ ಬರುತ್ತದೆ, ಅದೂ ನಿಮ್ಮ ತಟ್ಟೆಗೆ ಬಡಿಸಕೂಡದೆಂಬ ಷರತ್ತಿನ ಮೇಲೆ.

ಆಗದು ಎನ್ನುವಿರೋ? ಈ ಹದಿನಾರು ದಿನ ನಾನು ಸುಮ್ಮನೆ ಕೂತಿರಲಿಲ್ಲ. ಕಳ್ಳನ ಹಿತ್ತಿಲು ನೋಡಲು ಬಂದವರಿಗೆಲ್ಲ ಕೆಲಸ ಕಲಿಸಿ ಕಳಿಸಿದೆ. ಹನ್ನೆರಡು ಮನೆಯವರು ಮಡಕೆ ಹೂತಿದ್ದಾರೆ, ಬಚ್ಚಲ ನೀರನ್ನು ಗಿಡಕ್ಕೆ ತಿರುಗಿಸಿದ್ದಾರೆ, ಒಂದೇ ಬಕೆಟ್ಟಿನ ಸ್ನಾನ ಕಲಿತಿದ್ದಾರೆ. ಬರುವ ತಿಂಗಳು ಹನ್ನೆರಡು ಮೀಟರುಗಳು ಒಟ್ಟಿಗೆ ಇಳಿಯುತ್ತವೆ, ಹನ್ನೆರಡು ಅಂಗಳ ಹಸಿರಾಗುತ್ತವೆ. ನಿಮ್ಮ ನ್ಯಾಯದ ಪ್ರಕಾರ ಹನ್ನೆರಡು ಮಂದಿ ಕಳ್ಳರು. ಅವರಲ್ಲಿ ಒಬ್ಬರು ನಿಮ್ಮ ಮನೆಯ ದಾಸವಾಳದ ಬುಡದಲ್ಲೇ ಮಡಕೆ ಹೂತವರು. ನೀವು ವಾಕಿಂಗ್ ಹೋದಾಗ ಗುಂಡಿ ತೋಡಿಕೊಟ್ಟವನು ನಾನೇ. ಮೀಟರ್ ನೋಡುವವನು ಬರುವ ಮೊದಲೇ ಉತ್ತರ ಬರೆಯಿರಿ, ತಡ ಮಾಡಬೇಡಿ. ಅಗೆತವನ್ನು ಯಾವ ಮನೆಯಿಂದ ಶುರು ಮಾಡಿಸುತ್ತೀರಿ ಎಂಬುದನ್ನೂ ಅದರಲ್ಲಿ ತಿಳಿಸಿ.

ಇಂತಿ,
ನಿಮ್ಮ ಫಲಕದ ಪ್ರಕಾರ ನೀರುಗಳ್ಳ,
ನಿಮ್ಮ ಮನೆಯವರ ಪ್ರಕಾರ ಹೊನ್ನಪ್ಪಣ್ಣ,
ಮನೆ ಸಂಖ್ಯೆ ಇಪ್ಪತ್ತೇಳು