ಕುಸ್ತಿ ತಡೆದ ಪರಸಿ, ಅಲಮಾರಿ ತಡೆಯದ ಪರಸಿ

ನನ್ನ ಮೂಗನ್ನು ಎರಡು ಸಲ ಮುರಿದು ಒಂದೇ ಸಲ ನೆಟ್ಟಗೆ ಕೂಡಿಸಿದ, ಭಂಕೂರ ತಾಲೀಮಿನ ಪೈಲ್ವಾನ ಮಲ್ಲಪ್ಪ ಕಾಕಾನಿಗೆ,

ನೀನಿರುವ ಕಡೆ ನೆಲ ಗಟ್ಟಿ ಇದೆಯೇ? ಅಲ್ಲಿ ಎಲ್ಲವೂ ಮೇಲ್ಮಹಡಿಯೇ ಅಂತ ಕೇಳಿದ್ದೇನೆ. ಕಾಲಿಡುವ ಮೊದಲು ಯಾವನಾದರೂ ದೇವದೂತನನ್ನು ಎತ್ತಿ ಒಗೆದು ಪರೀಕ್ಷೆ ಮಾಡಿರುತ್ತೀ, ಅದರಲ್ಲಿ ನನಗೆ ಸಂಶಯವಿಲ್ಲ.

ನಾವಿನ್ನೂ ಮೈಸೂರು ರಾಜ್ಯದವರಾಗಿದ್ದಾಗ, ಕಾಕಿಯ ತವರಿನ ಸಾಗವಾನಿ ಅಲಮಾರಿ ಬಂದ ದಿನ ನೆನಪಿದೆಯೇ? ಕಾಕಿಯ ಅಣ್ಣ ಶರಣಪ್ಪ ಮಾವ ಅದನ್ನು ವಾಡಿಯಿಂದ ಬಂಡಿಯಲ್ಲಿ ಹೇರಿಕೊಂಡು ಬಂದಿದ್ದ. ಕಾಕಿಗೆ ಅದು ತನ್ನ ಮೇಲಿನ ಖೋಲಿಯಲ್ಲೇ ಬೇಕು. ಆ ಖೋಲಿಯ ನೆಲವೆಂದರೆ ತೊಲೆಗಳ ಮೇಲೆ ಹಾಸಿದ ಪರಸಿ ಕಲ್ಲು. ಸರಿಯಾಗಿ ಅದರ ಕೆಳಗೆ ನಿನ್ನವ್ವನ, ಅಂದರೆ ನಮ್ಮ ಆಯಿಯ, ಮಲಗುವ ಹೊರಸು.

"ನನ್ನ ತಲಿ ಮ್ಯಾಲ ಅದನ್ನ ಇಡಬ್ಯಾಡೋ ಯಪ್ಪಾ," ಅಂದಳು ಆಯಿ.

"ಹೊರಸು ಈಕಡಿ ಸರಸ್ಕೋರಿ ಅತ್ತಿ," ಅಂದಳು ಕಾಕಿ.

"ನಾ ಇಲ್ಲೇ ಹಡದಾಕಿ, ಇಲ್ಲೇ ಸಾಯಾಕಿ. ಸರಸಂಗಿಲ್ಲ!"

ನೀನು ಮೇಲಿನ ಖೋಲಿಗೆ ಹತ್ತಿ ಅಂಗಿ ಕಳಚಿದೆ. ಕುಡಿಯುವ ಹಾಲಿನಿಂದ ಹಿಡಿದು ಬರುವ ಅಳಿಯನವರೆಗೆ ಎಲ್ಲವನ್ನೂ ಕುಸ್ತಿಯಿಂದಲೇ ಅಳೆಯುವವರು ನೀವು. "ಇಬ್ರು ಪೈಲ್ವಾನ್ರು ಬಿದ್ರ ತಡೀತಂದ್ರ ಅಲಮಾರಿ ಯಾವ ಲೆಕ್ಕ? ಬಾರೋ ಶರಣ್ಯಾ!" ಮಾವನೂ ಲಂಗೋಟಿಯವನೇ, ಹಿಂದೊಮ್ಮೆ ಸೇಡಂ ಕಣದಲ್ಲಿ ನಿನ್ನನ್ನು ಚಿತ್ ಮಾಡಿದವನು. ಪರೀಕ್ಷೆ ಅರೆಗಳಿಗೆಯಷ್ಟೇ ಪರೀಕ್ಷೆಯಾಗಿತ್ತು. ನೀನು ಅವನನ್ನು ಹೆಗಲ ಮೇಲೆತ್ತಿ ಅಪ್ಪಳಿಸಿದೆ. ಕೆಳಗೆ ಹೊರಸಿನ ಮೇಲೆ ಮಣ್ಣು ಉದುರಿತು. ಅವನು ನಿನ್ನ ಕಿವಿ ಕಚ್ಚಿದ. ನೀನು ಅವನ ಹಲ್ಲು ಉದುರಿಸಿದೆ. ಅವನು ನಿನ್ನ ಬೆರಳು ತಿರುವಿ ಮುರಿದ. ಸುಣ್ಣದ ಗೋಡೆಗೆ ರಕ್ತ ಸಿಡಿಯಿತು, ಪರಸಿ ಮಿಸುಕಲಿಲ್ಲ. ಬಾಯಿ ಒರೆಸಿಕೊಳ್ಳುತ್ತ ಇಬ್ಬರೂ ನ್ಯಾಯಾಧೀಶರಂತೆ ತೀರ್ಪು ಕೊಟ್ಟಿರಿ: "ನೆಲ ಗಟ್ಟಿ ಅದ."

ಅಲಮಾರಿ ಏರಿತು. ಒಂದನ್ನು ಮಾತ್ರ ನಾವ್ಯಾರೂ ಯೋಚಿಸಲಿಲ್ಲ ಕಾಕಾ. ಬಿದ್ದ ಪೈಲ್ವಾನ ಎದ್ದು ಹೋಗುತ್ತಾನೆ. ಅಲಮಾರಿ? ಅದು ಹೊಟ್ಟೆ ತುಂಬ ಹಿತ್ತಾಳೆ ಪಾತ್ರೆ ಹೊತ್ತು, ಒಂದೇ ಕಲ್ಲಿನ ನಡುಮಧ್ಯೆ, ಹಗಲೂ ರಾತ್ರಿ ನಿಂತೇ...

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಮಾವ ಬಂದಿದ್ದ. ಸೇಡಂ ಕುಸ್ತಿಯ ಮಾತೆತ್ತಿ ಅಂಗಳದಲ್ಲಿ ಮತ್ತೆ ಒಬ್ಬರ ಕೊರಳಿಗೊಬ್ಬರು ಬಿದ್ದಿರಿ. ಬಿಡಿಸಲೆಂದು ಆಯಿ ಹೊರಸಿನಿಂದೆದ್ದು, ಕೋಲು ಹಿಡಿದು ಹೊರಗೆ ಬಂದಳು. ನಿನ್ನ ಬೆನ್ನಿಗೆ ಮೊದಲ ಏಟು ಬಿದ್ದಿತ್ತಷ್ಟೇ, ಮನೆಯೊಳಗೆ ಸಿಡಿಲು ಬಡಿದಂತಾಯಿತು. ಧೂಳು ಇಳಿದಾಗ ಹೊರಸಿದ್ದ ಜಾಗದಲ್ಲಿ ಅಲಮಾರಿ ಇತ್ತು. ಹೊರಸೆಂದು ಗುರುತಿಸಲು ಒಂದು ಕಾಲು ಉಳಿದಿತ್ತು.

ಆಯಿ ಕೋಲು ಇಳಿಸಲಿಲ್ಲ. "ಯಾಕ ನಿಂತ್ರಿ? ಹೊಡದಾಡ್ರಿ! ನೀವು ಹೊಡದಾಡಿದ್ದಕ್ಕ ನಾ ಉಳದೀನಿ!" ನೀನು ಒಂದು ಕೈಯಿಂದ ಅವಳ ಕಾಲು ಹಿಡಿದೆ. ಇನ್ನೊಂದು ಕೈ ಮಾವನ ಕೊರಳು ಬಿಟ್ಟಿರಲಿಲ್ಲ, ಅದು ಬೇರೆ ಮಾತು.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಅಲಮಾರಿ ಬಿದ್ದಲ್ಲಿ ನೀನು ಹಲಗೆ ಮುಚ್ಚಿ ಬಿಟ್ಟಿದ್ದ ಆ ತೂತಿಗೆ ಮೊನ್ನೆ ಸಿಮೆಂಟಿನ ಸ್ಲ್ಯಾಬ್ ಹಾಕಿಸಿದೆವು. ಎಂಥ ಭಾರವನ್ನಾದರೂ ತಡೆಯುತ್ತದೆ ಅಂದ ಇಂಜಿನಿಯರ್. ಅಲಮಾರಿ ಮತ್ತೆ ಏರಿಸೋಣವೇ ಎಂಬಂತೆ ಕಾಕಿ ಅಣ್ಣನ ಮುಖ ನೋಡಿದಳು. ಮುಪ್ಪಾದ ಮಾವ ಅಂಗಿ ಕಳಚಿ, ಸ್ಲ್ಯಾಬಿನ ನಡುವೆ ನಿಂತು ತೊಡೆ ತಟ್ಟಿದ.

"ಬಾರೋ ಮಲ್ಯಾ."

ಸ್ವಲ್ಪ ಹೊತ್ತು ಕಾದ. ಇನ್ನೊಮ್ಮೆ ತಟ್ಟಿದ. ಆಮೇಲೆ ಅಂಗಿ ಹಾಕಿಕೊಂಡು ಕೆಳಗಿಳಿದು ಬಂದ. "ಪರೀಕ್ಷಾ ಆಗಲಿಲ್ಲವ್ವ ತಂಗಿ. ಅಲಮಾರಿ ತೆಳಗೇ ಇರ್ಲಿ."

ಕೆಳಗೇ ಇದೆ, ಕಾಕಾ.

ನಿನ್ನ ಅಣ್ಣನ ಮಗ,
ಸೊಟ್ಟ ಮೂಗಿನವ