ಮುನ್ನುಡಿಯಲ್ಲೇ ನಿಂತ ಪುಸ್ತಕ

ಮಾರ್ಚ್ ೧೪, ಶನಿವಾರ

ನನ್ನ ಇ-ಪುಸ್ತಕವನ್ನು ಯಾಕೆ ಯಾರೂ ಕೊಳ್ಳುತ್ತಿಲ್ಲ ಎಂಬುದು ಇವತ್ತು ಅಕ್ಕನಿಂದ ತಿಳಿಯಿತು. "ಪುಕ್ಕಟೆ ಓದೋಕೆ ಬಿಟ್ಟಿರೋ ಪುಟದಲ್ಲೆಲ್ಲ ನಿಮ್ಮ ಕನ್ನಡ ಮೇಷ್ಟ್ರ ಮುನ್ನುಡಿನೇ ಇದೆಯಲ್ಲೇ! ಕಥೆ ಶುರುವಾಗೋದ್ರೊಳಗೆ 'ಕೊಂಡು ಓದಿ' ಅಂತ ಬಂತು."

ಮುನ್ನುಡಿಯನ್ನು ಕೊನೆಗೆ ಹಾಕುವುದು ಐದು ನಿಮಿಷದ ಕೆಲಸ. ಒಂದು ಮಾತು ಕೇಳೋಣವೆಂದು ಮೇಷ್ಟ್ರಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ, "ನನ್ನ ಮುನ್ನುಡಿ ಎಲ್ರಿಗೂ ಪುಕ್ಕಟೆ ಸಿಗ್ತಿದೆಯಂತಲ್ಲಮ್ಮಾ! ನನ್ನ ತಂಗಿನೂ ಓದಿದ್ಲು" ಎಂದು ಹಿಗ್ಗಿದರು.

"ಹೌದು ಸರ್, ಎಲ್ಲಾ ನಿಮ್ಮ ಆಶೀರ್ವಾದ" ಅಂದುಬಿಟ್ಟೆ.

ಇಂಗ್ಲಿಷ್ ಶಾಲೆಯಲ್ಲಿ ಓದಿದವಳಿಗೂ ಕನ್ನಡ ಬರುತ್ತದೆ ಎನ್ನಲು ಸಾಕ್ಷಿ ಬೇಕೆಂದು ಅವರನ್ನು ಪುಸ್ತಕದ ಹೊಸ್ತಿಲ ಮೇಲೆ ಕೂರಿಸಿದವಳು ನಾನೇ. ಆರು ವರ್ಷ ಬರೆದ ಕಥೆಗಳ ಮೇಲೆ ನನಗೇ ನಂಬಿಕೆ ಇರಲಿಲ್ಲವೇ? ಈಗ ಸ್ವಲ್ಪ ಪಕ್ಕಕ್ಕೆ ಸರಿಯಿರಿ ಎಂದು ಯಾವ ಬಾಯಲ್ಲಿ ಹೇಳಲಿ?