ಅವನು ಕತ್ತಿ ಹಿರಿದನೇ?

8-12-1985, ಭಾನುವಾರ. ಉದ್ದನಪಲ್ಲಿ.

ಅವನು ಕತ್ತಿ ಹಿರಿದನೋ ಇಲ್ಲವೋ? ಬೆಳಗಿನಿಂದ ಇದೊಂದೇ ಕೊರೆತ.

ನಿನ್ನೆ ಪಕ್ಕದ ಮನೆಯ ನಾಮಕರಣಕ್ಕೆ ಕೃಷ್ಣಗಿರಿಯಿಂದ ಬಾಡಿಗೆಗೆ ತಂದ ವೀಡಿಯೊ ಡೆಕ್ಕಿನಲ್ಲಿ, ದೇವರ ಸಿನಿಮಾದ ಬದಲು ಜಪಾನಿನ ಕತ್ತಿವರಸೆಯ ಸಿನಿಮಾ ಬಂತು. "ಇದೇನ್ಲಾ, ತಮಿಳೂ ಅಲ್ಲ, ತೆಲುಗೂ ಅಲ್ಲ!" ಎಂದು ಚಿನ್ನಪ್ಪ ಮಾವ ಎದ್ದರು. ಮೂರು ಭಾಷೆ ಬಲ್ಲ ಊರು ನಾಲ್ಕನೆಯದಕ್ಕೆ ಸೋತು ಊಟದ ಪಂಕ್ತಿಗೆ ನಡೆಯಿತು. ನಾನೊಬ್ಬಳೇ ಕೂತೆ. ಅವನೂ ಅವನ ವೈರಿಯೂ ಕತ್ತಿಯ ಹಿಡಿಗೆ ಕೈಯಿಟ್ಟು ಎದುರುಬದುರು ನಿಂತಿದ್ದರು. ಹುಲ್ಲು ಮಾತ್ರ ಅಲ್ಲಾಡುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಬೆಳಿಗ್ಗೆ ಡೆಕ್ಕೂ ಅಂಗಡಿಗೆ ವಾಪಸ್ಸಾಯಿತು.

ಇವತ್ತು ರಾಗಿ ಕೊಯ್ಯುವಾಗ ಕುಡುಗೋಲು ಹಿಡಿದು ಸುಮ್ಮನೆ ನಿಂತುಬಿಟ್ಟೆನಂತೆ. ಕೂಲಿಯವರು ನಕ್ಕರು. ನಗಲಿ. ಅಂಗಡಿಯವನನ್ನು ಕೇಳಿದರೆ ಮಿಕ್ಕಿದ್ದನ್ನು ತೋರಿಸದಿರುತ್ತಾನೆಯೇ?

ಸಂಜೆ ಅತ್ತೆಗೆ, ನಾಳೆ ಕೃಷ್ಣಗಿರಿಗೆ ಹೋಗುತ್ತೇನೆ ಎಂದೆ.

"ಒಬ್ಳೇನಾ? ಯಾಕೆ?"

ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಆ ಕತ್ತಿಯವನ ಹಾಗೆಯೇ ಕದಲದೆ, ಅವರನ್ನೇ ನೋಡುತ್ತ ನಿಂತೆ.

ಅತ್ತೆಯ ಕಣ್ಣೇ ಮೊದಲು ಸರಿಯಿತು. "ಹೊತ್ತು ಮುಳುಗೋದ್ರೊಳ್ಗೆ ಬಂದ್ಬುಡು."

ನಿದ್ದೆ ಬರುತ್ತಿಲ್ಲ. ಹಾಗಾದರೆ ಅವನೂ ಕತ್ತಿ ಹಿರಿಯದೆಯೇ ಗೆದ್ದನೋ...